ಉಡುಪಿಯ ಫ್ಲ್ಯಾಟಿಗೆ ಹಳೆಯ ಶೈಲಿಯ ಟ್ಯೂಬ್ ಆಂಪ್: ಯಾವುದನ್ನು ಆರಿಸಬೇಕು, ಮಳೆಗಾಲದಲ್ಲಿ ಹೇಗೆ ನೋಡಿಕೊಳ್ಳಬೇಕು?

ಅಂಬಲಪಾಡಿ_ತಂತಿ:

ಎಲ್ಲರಿಗೂ ನಮಸ್ಕಾರ. ಉಡುಪಿಯ ಅಂಬಲಪಾಡಿಯಲ್ಲಿ ಒಂದು ವಸತಿ ಸಮುಚ್ಚಯದ ಮೂರನೆಯ ಮಹಡಿಯಲ್ಲಿ ನಮ್ಮ ಮನೆಯಿದೆ. ನನ್ನ ಬಳಿ ಇರುವುದು ಸಿಂಗಲ್ ಕಾಯಿಲ್ ಪಿಕಪ್‌ಗಳ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಒಂಟಿ ಸುರುಳಿಗಳ) ಸ್ಟ್ರಾಟೋಕಾಸ್ಟರ್ ಮಾದರಿಯ ಗಿಟಾರ್. ಇಷ್ಟು ವರ್ಷ ಅದನ್ನು ಸಣ್ಣ ಟ್ರಾನ್ಸಿಸ್ಟರ್ ಆಂಪಿಗೆ ಜೋಡಿಸಿ ನುಡಿಸುತ್ತಿದ್ದೆ. ಈಗ 1960ರ ದಶಕದ ಶೈಲಿಯ ಟ್ಯೂಬ್ ಆಂಪ್ (ಟ್ರಾನ್ಸಿಸ್ಟರ್ ಬದಲು ಗಾಜಿನ ನಿರ್ವಾತ ಕೊಳವೆಗಳಿರುವ ಆಂಪ್ಲಿಫೈಯರ್) ಒಂದನ್ನು ಕೊಳ್ಳಬೇಕೆಂದಿದ್ದೇನೆ. ನಾನು ಬಯಸುವುದು ಮುಖ್ಯವಾಗಿ ತಿಳಿಯಾದ ಧ್ವನಿ ಮತ್ತು ಒಳ್ಳೆಯ ಸ್ಪ್ರಿಂಗ್ ರಿವರ್ಬ್ (ಸ್ಪ್ರಿಂಗ್‌ಗಳ ಕಂಪನದಿಂದ ಬರುವ ಅನುರಣನ). ಅದರ ಜೊತೆಗೆ, ತಂತಿಯನ್ನು ಬಲವಾಗಿ ಮೀಟಿದಾಗ ಮಾತ್ರ ಧ್ವನಿಯ ಅಂಚು ತುಸು ಒರಟಾಗುವ ಗುಣವೂ ಇದ್ದರೆ ಸಂತೋಷ.

ಸದ್ಯಕ್ಕೆ ಮನಸ್ಸಿನಲ್ಲಿರುವವು ಫೆಂಡರ್ ಕಂಪನಿಯ '65 ಡಿಲಕ್ಸ್ ರಿವರ್ಬ್ ಮರುತಯಾರಿ, ವಾಕ್ಸ್ ಎಸಿ15 ಮತ್ತು ಫೆಂಡರಿನದೇ ಬ್ಲೂಸ್ ಜೂನಿಯರ್. ಅಮೆರಿಕದಲ್ಲಿರುವ ಭಾವ ಡಿಸೆಂಬರಿನಲ್ಲಿ ಊರಿಗೆ ಬರುವಾಗ ಅಲ್ಲಿಂದಲೇ ಒಂದು ಡಿಲಕ್ಸ್ ರಿವರ್ಬನ್ನು ತಂದುಕೊಡುವುದಾಗಿ ಹೇಳುತ್ತಿದ್ದಾರೆ, ಆದರೆ ಅದು 120 ವೋಲ್ಟಿನದ್ದು. ವೋಲ್ಟೇಜ್ ಇಳಿಸುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟರೆ ಸಾಕೇ? 22 ವ್ಯಾಟ್ ಎಂಬುದು ಫ್ಲ್ಯಾಟಿಗೆ ಹೆಚ್ಚಾಗುತ್ತದೆಯೇ? ಅಪರೂಪಕ್ಕೊಮ್ಮೆ ಗೆಳೆಯರ ಮನೆಯ ರೋಸ್ (ಕ್ರೈಸ್ತರ ಮದುವೆಗೆ ಮುಂಚಿನ ಶಾಸ್ತ್ರ) ಕಾರ್ಯಕ್ರಮಕ್ಕೋ ಚರ್ಚ್ ಹಾಲಿನ ಸಮಾರಂಭಕ್ಕೋ ಅದನ್ನು ಒಯ್ಯುವುದೂ ಇರುತ್ತದೆ. ನಮ್ಮ ಕರಾವಳಿಯ ತೇವಕ್ಕೆ ಇಂಥ ಆಂಪ್‌ಗಳು ಬಾಳುವುದಿಲ್ಲವೆಂದು ಒಬ್ಬರು ಹೆದರಿಸಿದ್ದಾರೆ. ಅದರಲ್ಲಿ ಎಷ್ಟು ನಿಜವಿದೆ ಎಂಬುದನ್ನೂ ಬಲ್ಲವರು ದಯವಿಟ್ಟು ತಿಳಿಸಬೇಕು.

ಬೆಂದೂರು_ಬ್ಲೂಸ್:

ಮಂಗಳೂರಿನಲ್ಲಿ ಹಲವು ವರ್ಷಗಳಿಂದ ಡಿಲಕ್ಸ್ ರಿವರ್ಬ್ ಬಳಸುತ್ತಿರುವುದರಿಂದ ಸದ್ದಿನ ವಿಷಯವನ್ನು ಮೊದಲು ಹೇಳುತ್ತೇನೆ, ಏಕೆಂದರೆ ಬ್ರ್ಯಾಂಡ್ ಯಾವುದೆಂಬುದಕ್ಕಿಂತ ನಿಮ್ಮ ಕೋಣೆಯಲ್ಲಿ ಎಷ್ಟು ಸದ್ದು ಮಾಡಲು ಸಾಧ್ಯ ಎಂಬುದರಿಂದಲೇ ಆಯ್ಕೆ ತೀರ್ಮಾನವಾಗಬೇಕು.

22 ವ್ಯಾಟ್ ಎಂದರೆ ಚಿಕ್ಕದೆಂದು ತೋರುತ್ತದೆ. ಆದರೆ ಇಂಥ ಆಂಪಿನಲ್ಲಿರುವ 12 ಇಂಚಿನ ಗಿಟಾರ್ ಸ್ಪೀಕರ್ ಕೇವಲ ಒಂದು ವ್ಯಾಟಿಗೆ, ಒಂದು ಮೀಟರ್ ದೂರದಲ್ಲಿ, ಸುಮಾರು 97 ಡೆಸಿಬೆಲ್ ಸದ್ದು ಕೊಡುತ್ತದೆ. ಶಕ್ತಿ ಎರಡು ಪಟ್ಟಾದಾಗ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಹಾಗಾಗಿ 22 ವ್ಯಾಟಿನಲ್ಲಿ ಅದು 110ರ ಹತ್ತಿರ ಹೋದರೆ 5 ವ್ಯಾಟಿನ ಆಂಪ್ ಕೂಡ 104ಕ್ಕೆ ಮುಟ್ಟುತ್ತದೆ. ನಮ್ಮ ಕಿವಿಗೆ ಸದ್ದು ಇಮ್ಮಡಿಯಾದಂತೆ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. ಆದ್ದರಿಂದ 22 ವ್ಯಾಟಿನ ಬದಲು 5 ವ್ಯಾಟಿನದನ್ನು ತಂದರೆ ನೆರೆಯವರಿಗೆ ನೆಮ್ಮದಿ ಸಿಗುತ್ತದೆಂಬ ಲೆಕ್ಕ ಸರಿಯಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ವಿಧಿಸಿರುವ ಮಿತಿ ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ, ಟ್ಯೂಬ್ ಆಂಪ್‌ಗಳ ಪೈಕಿ ಫ್ಲ್ಯಾಟಿಗೆಂದೇ ಹುಟ್ಟಿದ್ದು ಯಾವುದೂ ಇಲ್ಲ ಎನ್ನಬೇಕಾಗುತ್ತದೆ.

ಇನ್ನು ನಿಮ್ಮ ಬಯಕೆಯಲ್ಲೇ ಒಂದು ತೊಡಕಿದೆ. ಡಿಲಕ್ಸ್ ರಿವರ್ಬಿನ ತಿಳಿಯಾದ ಧ್ವನಿ ಮತ್ತು ರಿವರ್ಬ್ ವಾಲ್ಯೂಮ್ ಗುಂಡಿ ಎರಡರಲ್ಲಿದ್ದಾಗಲೂ ಚೆನ್ನಾಗಿಯೇ ಇರುತ್ತವೆ. ಅಷ್ಟು ಸದ್ದನ್ನು ಹಗಲು ಹೊತ್ತಿನಲ್ಲಿ ಬಾಗಿಲು ಮುಚ್ಚಿಕೊಂಡು ನಿಭಾಯಿಸಬಹುದು. ಆದರೆ ನೀವು ಹೇಳಿದ ಆ ಅಂಚಿನ ಒರಟುತನ ಬರುವುದು ಗುಂಡಿ ನಾಲ್ಕು ದಾಟಿ ಐದರ ಕಡೆಗೆ ಹೋದಾಗ, ಮತ್ತು ಆ ಹೊತ್ತಿಗೆ ಕೆಳಗಿನ ಮಹಡಿಯವರು ಮೇಲೆ ಬಂದಿರುತ್ತಾರೆ. ಒರಟುತನವನ್ನು ಉಳಿಸಿಕೊಂಡು ಒಟ್ಟು ಸದ್ದನ್ನು ಮಾತ್ರ ಇಳಿಸುವ ಮಾಸ್ಟರ್ ವಾಲ್ಯೂಮ್ ಈ ಆಂಪಿನಲ್ಲಿ ಇಲ್ಲ. ಆಂಪಿಗೂ ಸ್ಪೀಕರಿಗೂ ನಡುವೆ ಅಟೆನ್ಯುಯೇಟರ್ (ಶಕ್ತಿಯ ಒಂದು ಭಾಗವನ್ನು ತಾನೇ ಹೀರಿಕೊಳ್ಳುವ ಪೆಟ್ಟಿಗೆ) ಜೋಡಿಸಬಹುದು, ಅಥವಾ ಆಂಪಿನ ಮುಂದೆ ಧ್ವನಿಯನ್ನು ಒರಟಾಗಿಸುವ ಒಂದು ಒಳ್ಳೆಯ ಓವರ್‌ಡ್ರೈವ್ ಪೆಡಲ್ ಇಡಬಹುದು. ನನಗೆ ಎರಡನೆಯದೇ ಮೇಲು. ಅಟೆನ್ಯುಯೇಟರಿನಲ್ಲಿ ಸದ್ದು ತೀರಾ ಇಳಿದಾಗ ಧ್ವನಿಯ ಜೀವವೂ ಇಳಿಯುತ್ತದೆ, ಜೊತೆಗೆ ಆಂಪ್ ಒಳಗೆ ಪೂರ್ಣ ಶಕ್ತಿಯಲ್ಲಿ ದುಡಿಯುತ್ತಲೇ ಇರುವುದರಿಂದ ಪವರ್ ಟ್ಯೂಬ್‌ಗಳು (ಸ್ಪೀಕರಿಗೆ ಶಕ್ತಿ ಕೊಡುವ ಟ್ಯೂಬ್‌ಗಳು) ಬೇಗ ಸವೆಯುತ್ತವೆ.

ನಿಮ್ಮ ಪಟ್ಟಿಯಲ್ಲಿಲ್ಲದ, ಫೆಂಡರಿನದೇ ಆದ ಪ್ರಿನ್ಸ್‌ಟನ್ ರಿವರ್ಬನ್ನು ನೋಡಿದ್ದೀರಾ? ಅದರಲ್ಲೂ ಡಿಲಕ್ಸಿನಂತೆಯೇ ಎರಡು 6ವಿ6 ಪವರ್ ಟ್ಯೂಬ್‌ಗಳಿವೆ, ಆದರೆ ಶಕ್ತಿ 12ರಿಂದ 15 ವ್ಯಾಟ್, ಸ್ಪೀಕರ್ 10 ಇಂಚಿನದು. ಅದೇ ರಿವರ್ಬ್, ಅದೇ ಕುಟುಂಬದ ಧ್ವನಿ, ಸ್ವಲ್ಪ ಬೇಗನೆ ಒರಟಾಗುವ ಸ್ವಭಾವ. ಮೂರನೆಯ ಮಹಡಿಗೆ ಹೊತ್ತೊಯ್ಯುವಾಗ ತೂಕದ ವ್ಯತ್ಯಾಸವೂ ತಿಳಿಯುತ್ತದೆ: ಡಿಲಕ್ಸ್ ಸುಮಾರು 19 ಕಿಲೋ, ಪ್ರಿನ್ಸ್‌ಟನ್ ಅದಕ್ಕಿಂತ ಮೂರು-ನಾಲ್ಕು ಕಿಲೋ ಕಡಿಮೆ. ಹಾಲಿನ ಕಾರ್ಯಕ್ರಮದಲ್ಲಿ ಹೇಗೂ ಆಂಪಿನ ಮುಂದೆ ಮೈಕ್ ಇಡುತ್ತಾರೆ, ಆದ್ದರಿಂದ ಅಲ್ಲಿ ವ್ಯಾಟ್ ಸಾಲದೆಂಬ ಚಿಂತೆ ಬೇಡ.

ವಾಕ್ಸ್ ಎಸಿ15 ಒಳ್ಳೆಯದೇ, ಆದರೆ ಅದರ ಸ್ವಭಾವ ಬೇರೆ. ಬ್ರಿಟನ್ನಿನ ದ ಶ್ಯಾಡೋಸ್ ತಂಡದ ಗಿಟಾರ್ ವಾದಕ ಹ್ಯಾಂಕ್ ಮಾರ್ವಿನ್ ಅವರ ಹೊಳೆಯುವ ಧ್ವನಿ ನಿಮಗೆ ಇಷ್ಟವಾದರೆ ಅದನ್ನೇ ತೆಗೆದುಕೊಳ್ಳಿ. ಅದರಲ್ಲಿ ಎರಡು ಇಎಲ್84 ಟ್ಯೂಬ್‌ಗಳು, ಮಧ್ಯದ ಸ್ವರಗಳು ಮುಂದೆ ಬಂದು ನಿಲ್ಲುವ ಗುಣ ಮತ್ತು ಈಗಿನ ಕಸ್ಟಮ್ ಮಾದರಿಯಲ್ಲಿ ಮಾಸ್ಟರ್ ವಾಲ್ಯೂಮ್ ಕೂಡ ಇವೆ. ಬ್ಲೂಸ್ ಜೂನಿಯರ್ ಬೆಲೆಯಲ್ಲಿ ಅಗ್ಗವಾದರೂ ಅದು 60ರ ದಶಕದ ಸರ್ಕಿಟ್ ಅಲ್ಲ; ಅದನ್ನು ಕೊಂಡವರು ಸ್ವಲ್ಪ ಕಾಲದಲ್ಲೇ ಡಿಲಕ್ಸಿನ ಕನಸು ಕಾಣತೊಡಗುವುದನ್ನು ನೋಡಿದ್ದೇನೆ. ಯಾವುದೇ ಇರಲಿ, ಅಂಗಡಿಯಲ್ಲಿ ನಿಮ್ಮದೇ ಗಿಟಾರನ್ನು ಜೋಡಿಸಿ, ಮನೆಯಲ್ಲಿ ನುಡಿಸುವಷ್ಟೇ ಸದ್ದಿನಲ್ಲಿ ಅರ್ಧ ಗಂಟೆಯಾದರೂ ನುಡಿಸಿ ನೋಡಿ. ಅಂಗಡಿಯವರು ಜೋರಾಗಿ ಇಟ್ಟು ಕೇಳಿಸಿದರೆ ಎಲ್ಲ ಆಂಪ್‌ಗಳೂ ಚೆನ್ನಾಗಿಯೇ ಕೇಳುತ್ತವೆ.

ಹಳೇ_ರೇಡಿಯೋ:

ನಾನು ಗಿಟಾರ್ ನುಡಿಸುವವನಲ್ಲ. ವಾಲ್ವ್ (ನೀವು ಟ್ಯೂಬ್ ಎನ್ನುವುದನ್ನೇ ನಾವು ವಾಲ್ವ್ ಎನ್ನುತ್ತೇವೆ) ರೇಡಿಯೋಗಳ ಕಾಲದಿಂದ ದುರಸ್ತಿಯ ಕೆಲಸ ಮಾಡಿಕೊಂಡು ಬಂದವನು. ಈಗ ಉಡುಪಿ, ಮಣಿಪಾಲದ ಹುಡುಗರ ಆಂಪ್‌ಗಳು ಆಗಾಗ ನನ್ನ ಮೇಜಿಗೆ ಬರುತ್ತವೆ. ಅಮೆರಿಕದಿಂದ ತರಿಸುವ ವಿಚಾರಕ್ಕೆ ಮಾತ್ರ ಉತ್ತರಿಸುತ್ತೇನೆ.

ವೋಲ್ಟೇಜನ್ನು ಇಳಿಸುವುದು ಸುಲಭ, ಆದರೆ ಫ್ರೀಕ್ವೆನ್ಸಿಯನ್ನು ಸ್ಟೆಪ್ ಡೌನ್ ಬದಲಿಸುವುದಿಲ್ಲ. ಅಲ್ಲಿನದು 60 ಹರ್ಟ್ಜ್, ನಮ್ಮದು 50. ಅದೇ 120 ವೋಲ್ಟನ್ನು 50 ಹರ್ಟ್ಜ್‌ನಲ್ಲಿ ಕೊಟ್ಟಾಗ ಆಂಪಿನ ಒಳಗಿನ ಪವರ್ ಟ್ರಾನ್ಸ್‌ಫಾರ್ಮರಿನ ಕೋರ್‌ನಲ್ಲಿ ಕಾಂತಪ್ರವಾಹ ಶೇಕಡ 20ರಷ್ಟು ಹೆಚ್ಚುತ್ತದೆ. 50 ಹರ್ಟ್ಜ್‌ಗೂ ಸೇರಿಸಿ ಸುತ್ತಿದ ಟ್ರಾನ್ಸ್‌ಫಾರ್ಮರ್ ಇದನ್ನು ತಡೆದುಕೊಳ್ಳುತ್ತದೆ. 60ಕ್ಕೆಂದೇ ಸುತ್ತಿದ್ದು ಕೈಯಿಡಲಾಗದಷ್ಟು ಬಿಸಿಯಾಗಿ ಗುಂಯ್‌ಗುಟ್ಟಬಹುದು. ಆದ್ದರಿಂದ ಭಾವನವರಿಂದ ಆಂಪಿನ ಹಿಂಭಾಗದ ಫಲಕದ ಫೋಟೋವನ್ನು ಮೊದಲು ತರಿಸಿಕೊಳ್ಳಿ. ಅದರ ಮೇಲೆ ವೋಲ್ಟ್, ಹರ್ಟ್ಜ್, ವ್ಯಾಟ್ ಮೂರನ್ನೂ ಬರೆದಿರುತ್ತಾರೆ. 60 ಹರ್ಟ್ಜ್ ಎಂದಷ್ಟೇ ಇದ್ದರೆ ಆ ಆಂಪ್ ಅಲ್ಲಿಯೇ ಇರುವುದು ಒಳ್ಳೆಯದು.

ಸ್ಟೆಪ್ ಡೌನ್ ಇಡುವುದೇ ಆದರೂ ಎರಡು ಸಂಗತಿಗಳನ್ನು ಪರೀಕ್ಷಿಸಬೇಕು. ನಮ್ಮ ಪೇಟೆಯಲ್ಲಿ ಸಿಗುವ ಬಹುಪಾಲು ಸ್ಟೆಪ್ ಡೌನ್‌ಗಳು 230ನ್ನು 110ಕ್ಕೆ ಇಳಿಸುತ್ತವೆ; 120ರ ಆಂಪಿಗೆ 110 ಸಿಕ್ಕರೆ ವಾಲ್ವಿನೊಳಗಿನ ಕ್ಯಾಥೋಡನ್ನು ಕಾಯಿಸುವ 6.3 ವೋಲ್ಟಿನ ಹೀಟರಿಗೆ ದೊರೆಯುವುದು ಸುಮಾರು 5.8 ವೋಲ್ಟ್, ಸಂಜೆ ಲೈನ್ ವೋಲ್ಟೇಜ್ ಕುಸಿದಾಗ ಅದಕ್ಕಿಂತಲೂ ಕಡಿಮೆ. ವಾಲ್ವು ಅದರಿಂದ ಒಮ್ಮೆಗೇ ಕೆಡುವುದಿಲ್ಲವಾದರೂ ಧ್ವನಿ ಸಪ್ಪೆಯಾಗುತ್ತದೆ, ಬಹುಕಾಲ ಹಾಗೆಯೇ ನಡೆಸಿದರೆ ಕ್ಯಾಥೋಡ್ ಹಾಳಾಗುತ್ತದೆ. ಎರಡನೆಯದು ಇದಕ್ಕಿಂತ ಗಂಭೀರವಾದುದು. ಅಗ್ಗದ ಸ್ಟೆಪ್ ಡೌನ್‌ಗಳ ಹೊರಗಿನ ಸಾಕೆಟ್‌ನಲ್ಲಿ ಎರಡೇ ತೂತುಗಳಿರುತ್ತವೆ, ಆಗ ಆಂಪಿನ ಅರ್ತ್ ಪಿನ್ನು ಎಲ್ಲಿಗೂ ಸೇರದೆ ಉಳಿಯುತ್ತದೆ. ಗಿಟಾರಿನ ತಂತಿಗಳು ಆಂಪಿನ ಲೋಹದ ಚಾಸಿಗೆ (ಒಳಚೌಕಟ್ಟಿಗೆ) ನೇರವಾಗಿ ಸೇರಿರುವುದರಿಂದ, ಒಳಗೆ ಎಲ್ಲಾದರೂ ಇನ್ಸುಲೇಷನ್ ಸೋತರೆ ಶಾಕ್ ಹೊಡೆಯುವುದು ನುಡಿಸುವವರ ಕೈಗೆ. ಮೈಕಿಗೆ ತುಟಿ ತಾಗಿಸಿ ಹಾಡುವವರಿಗಂತೂ ಇದು ಪ್ರಾಣದ ಮಾತು.

ಮನೆಯ ಅರ್ತಿಂಗನ್ನೂ ನೋಡಿಸಿಕೊಳ್ಳಿ. ಮುರಕಲ್ಲಿನ ನೆಲದಲ್ಲಿ ಬೇಸಗೆಯ ಹೊತ್ತಿಗೆ ಅರ್ತ್ ಗುಂಡಿ ಒಣಗಿ ಪ್ರತಿರೋಧ ಏರುತ್ತದೆ; ಅದಕ್ಕೆಂದೇ ಹಿಂದಿನವರು ಗುಂಡಿಗೆ ನೀರು ಹೊಯ್ಯುತ್ತಿದ್ದರು. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಕೆಲವೇ ವೋಲ್ಟಿಗಿಂತ ಹೆಚ್ಚು ಕಂಡುಬಂದರೆ ಎಲೆಕ್ಟ್ರಿಷಿಯನ್‌ಗೆ ಹೇಳಿ ಸರಿಪಡಿಸಿಕೊಳ್ಳಬೇಕು. ಗುಂಯ್ ಸದ್ದು ನಿಲ್ಲಲೆಂದು ಅರ್ತ್ ಪಿನ್ನನ್ನೇ ಕಿತ್ತುಹಾಕುವ ಸಲಹೆ ಯಾರು ಕೊಟ್ಟರೂ ಕೇಳಬೇಡಿ. ಆ ಸದ್ದು ಬಹಳ ಸಲ ಬರುವುದು ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರಿನಿಂದ ಅಥವಾ ಅಗ್ಗದ ಎಲ್‌ಇಡಿ ದೀಪದಿಂದ. ನಿಮ್ಮ ಸಿಂಗಲ್ ಕಾಯಿಲ್ ಪಿಕಪ್ ಅದನ್ನು ಹಿಡಿದುಕೊಳ್ಳುತ್ತದೆ. ಕರೆಂಟ್ ಹೋದಾಗ ಮನೆಯ ಇನ್ವರ್ಟರಿನಲ್ಲಿ ಈ ಆಂಪನ್ನು ನಡೆಸಬಾರದು, ಶುದ್ಧ ಸೈನ್ ವೇವ್ ಕೊಡುವ ಇನ್ವರ್ಟರ್ ಆದರೆ ಅಡ್ಡಿಯಿಲ್ಲ.

ಆಂಪನ್ನು ನೀವಾಗಿ ಬಿಚ್ಚಬೇಡಿ. ಒಳಗೆ ಸುಮಾರು 400 ವೋಲ್ಟ್ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಉಳಿದಿರಬಹುದು. ಸ್ಪೀಕರ್ ತಂತಿ ಜೋಡಿಸದೆ ಆಂಪನ್ನು ಆನ್ ಮಾಡಬಾರದು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಆ ಖರ್ಚು ಸಣ್ಣದಲ್ಲ.

ದುರಸ್ತಿಯ ದೃಷ್ಟಿಯಿಂದ ನನ್ನ ಅಭಿಪ್ರಾಯ ಬೆಂದೂರಿನವರ ಅಭಿಪ್ರಾಯಕ್ಕಿಂತ ತುಸು ಬೇರೆ. ಬಯಾಸ್ ಎಂದರೆ ಪವರ್ ವಾಲ್ವಿನಲ್ಲಿ ಸದಾ ಹರಿಯುವ ಕರೆಂಟನ್ನು ನಿಗದಿಪಡಿಸುವ ವ್ಯವಸ್ಥೆ. ಎಸಿ15 ಅದನ್ನು ತಾನೇ ಹೊಂದಿಸಿಕೊಳ್ಳುವ ಕ್ಯಾಥೋಡ್ ಬಯಾಸ್ ಆಂಪ್. ಹೊಂದಿಕೆಯಾದ ಜೋಡಿ ಇಎಲ್84 ತಂದು ಚುಚ್ಚಿದರೆ ಮುಗಿಯಿತು. ಡಿಲಕ್ಸ್, ಪ್ರಿನ್ಸ್‌ಟನ್ ಎರಡೂ ಫಿಕ್ಸೆಡ್ ಬಯಾಸ್. 6ವಿ6 ಬದಲಿಸಿದಾಗಲೆಲ್ಲ ಬಯಾಸನ್ನು ಅಳೆದು ನೋಡಲು ಬಲ್ಲವರು ಬೇಕು. ನಮ್ಮಲ್ಲಿ ಯಕ್ಷಗಾನ, ಮದುವೆಗಳ ಸೌಂಡ್ ಸಿಸ್ಟಮ್ ದುರಸ್ತಿ ಮಾಡುವವರು ಎಷ್ಟೋ ಮಂದಿ ಇದ್ದಾರೆ, ಆದರೆ ವಾಲ್ವಿಗೆ ಕೈಹಾಕುವವರು ಕಡಿಮೆಯಾಗುತ್ತಿದ್ದಾರೆ. ಎಸಿ15ರ ಇಎಲ್84ಗಳು ಬಹಳ ಬಿಸಿಯಾಗಿ ದುಡಿದು ಬೇಗ ಸವೆಯುತ್ತವೆ ಎಂಬುದನ್ನೂ ಹೇಳಬೇಕು. ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಕಾರ್ಖಾನೆ ಹಿಂದೆ ಇಎಲ್84, ಇಸಿಸಿ83 ವಾಲ್ವುಗಳನ್ನು ತಯಾರಿಸುತ್ತಿತ್ತು. ಅವು ಇಂದಿಗೂ ಎಲ್ಲಾದರೂ ಹಳೆಯ ದಾಸ್ತಾನಿನಲ್ಲಿ ಕಂಡರೆ ಕೊಂಡಿಡಲು ಯೋಗ್ಯವಾದವು. ಫೆಂಡರಿನವರು 12ಎಎಕ್ಸ್7 ಎಂದು ಬರೆದಿರುವ ಕಡೆ ಈ ಇಸಿಸಿ83ನ್ನೇ ಹಾಕಬಹುದು.

ಮಣಿಪಾಲ_ಬೇಸ್:

ಹಿರಿಯರ ಮಾತಿಗೆ ಅಡ್ಡ ಬರುತ್ತಿರುವುದಕ್ಕೆ ಕ್ಷಮೆಯಿರಲಿ, ಆದರೆ ಇಷ್ಟೆಲ್ಲ ಎಚ್ಚರಿಕೆಗಳನ್ನು ಓದಿದ ಮೇಲೆ ಟ್ಯೂಬ್ ಏಕೆ ಬೇಕು ಎಂದು ಕೇಳಲೇಬೇಕಾಗಿದೆ. ಫೆಂಡರ್ ಕಂಪನಿಯೇ 2019ರಲ್ಲಿ ಟೋನ್ ಮಾಸ್ಟರ್ ಡಿಲಕ್ಸ್ ರಿವರ್ಬನ್ನು ತಂದಿದೆ. ನೋಡಲು ಅದೇ ಪೆಟ್ಟಿಗೆ, ಒಳಗೆ ಪೂರ್ಣ ಡಿಜಿಟಲ್, ತೂಕ ಹೆಚ್ಚುಕಡಿಮೆ ಅರ್ಧ. ಹಿಂದಿರುವ ಸ್ವಿಚ್ಚಿನಿಂದ ಶಕ್ತಿಯನ್ನು ಒಂದು ವ್ಯಾಟಿಗಿಂತಲೂ ಕೆಳಕ್ಕೆ ಇಳಿಸಬಹುದಾದ್ದರಿಂದ, ಪ್ರಶ್ನೆ ಕೇಳಿದವರು ಬಯಸಿದ ಒರಟುತನ ಮಲಗುವ ಕೋಣೆಯ ಸದ್ದಿನಲ್ಲೇ ಸಿಗುತ್ತದೆ. ಬಯಾಸ್ ಇಲ್ಲ, ಬಿಸಿಯಿಲ್ಲ. ಕಣ್ಣು ಮುಚ್ಚಿ ಕೇಳಿಸಿದರೆ ವ್ಯತ್ಯಾಸ ಗುರುತಿಸುವವರು ನಮ್ಮ ಬಳಗದಲ್ಲಿ ಹೆಚ್ಚಿಲ್ಲ.

ಹಳೇ_ರೇಡಿಯೋ:

ಧ್ವನಿಯ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ. ನನ್ನ ಕಿವಿಗೂ ಆ ವ್ಯತ್ಯಾಸ ಹಿಡಿಯದು. ಆದರೆ 1963ರ ಡಿಲಕ್ಸ್ ರಿವರ್ಬ್ ಇಂದು ನನ್ನ ಮುಂದೆ ಬಂದರೆ ಅದರ ಪ್ರತಿಯೊಂದು ಭಾಗವನ್ನೂ ಬಿಡಿಯಾಗಿ ತರಿಸಿ ಹಾಕಬಲ್ಲೆ. ಡಿಜಿಟಲ್ ಬೋರ್ಡ್ ಕೆಟ್ಟರೆ ಕಂಪನಿ ಇನ್ನೊಂದು ಬೋರ್ಡ್ ಕೊಡುವವರೆಗೆ ನಾನೂ ನೀವೂ ಕೈಕಟ್ಟಿ ಕುಳಿತಿರಬೇಕು. ಐದಾರು ವರ್ಷ ಬಳಸುವವರಿಗೆ ನಿಮ್ಮ ಸಲಹೆ ಸರಿ.

ಅಂಬಲಪಾಡಿ_ತಂತಿ:

ಎಲ್ಲರಿಗೂ ಕೃತಜ್ಞತೆಗಳು. ಭಾವನವರು ಫೋಟೋ ಕಳಿಸಿದರು. ಫಲಕದಲ್ಲಿ 120 ವೋಲ್ಟ್, 60 ಹರ್ಟ್ಜ್ ಎಂದು ಮಾತ್ರ ಇದೆ. ಆದ್ದರಿಂದ ಆ ಯೋಚನೆಯನ್ನು ಕೈಬಿಟ್ಟು, 230 ವೋಲ್ಟಿನದ್ದನ್ನೇ ಇಲ್ಲಿ ಕೊಳ್ಳಲು ನಿರ್ಧರಿಸಿದ್ದೇನೆ. ಲಕ್ಷ ರೂಪಾಯಿ ದಾಟುವ ಖರ್ಚಾದ್ದರಿಂದ ಮುಂದಿನ ತಿಂಗಳು ಬೆಂಗಳೂರಿಗೆ ಹೋಗಿ ಪ್ರಿನ್ಸ್‌ಟನ್ ಮತ್ತು ಎಸಿ15 ಎರಡನ್ನೂ ಮನೆಯ ಸದ್ದಿನಲ್ಲೇ ನುಡಿಸಿ ನೋಡುತ್ತೇನೆ. ಮಳೆಗಾಲದ ಬಗ್ಗೆ ಮಾತ್ರ ಯಾರೂ ಇನ್ನೂ ಹೇಳಿಲ್ಲ.

ಸುರತ್ಕಲ್_ಸ್ಲೈಡ್:

ಸಮುದ್ರಕ್ಕೆ ಹತ್ತಿರದಲ್ಲೇ ಇರುವವನಾದ್ದರಿಂದ ಈ ಭಾಗಕ್ಕೆ ನಾನು ಉತ್ತರಿಸಬಹುದು. ಜುಲೈ ಒಂದೇ ತಿಂಗಳಲ್ಲಿ ಸರಾಸರಿ ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರಿನಲ್ಲಿ ನಮ್ಮ ಆಂಪ್‌ಗಳು ಬದುಕಬೇಕಾಗಿದೆ. ತೇವದಿಂದ ಟ್ಯೂಬ್‌ಗಳಿಗೆ ಏನೂ ಆಗುವುದಿಲ್ಲ. ಅವು ಗಾಜಿನೊಳಗೆ ನಿರ್ವಾತದಲ್ಲಿ ಮುಚ್ಚಿಕೊಂಡಿರುತ್ತವೆ. ಕೆಡುವುದು ಅವುಗಳ ಸುತ್ತಲಿನ ಎಲ್ಲವೂ. ಟ್ಯೂಬ್ ಸಾಕೆಟ್‌ಗಳ ಹಿಡಿಕೆ, ಇನ್‌ಪುಟ್ ಜ್ಯಾಕ್, ವಾಲ್ಯೂಮ್ ಗುಂಡಿಯ ಒಳಭಾಗ, ರಿವರ್ಬ್ ಟ್ಯಾಂಕಿಗೆ (ಸ್ಪ್ರಿಂಗ್‌ಗಳಿರುವ ಡಬ್ಬಿಗೆ) ಹೋಗುವ ತಂತಿಯ ಕೊನೆಗಳು ಇವೆಲ್ಲ ಉಪ್ಪುಗಾಳಿಗೆ ಮಂಕಾಗಿ, ಕರಕರ ಸದ್ದು ಅಥವಾ ಬಿಟ್ಟುಬಿಟ್ಟು ಬರುವ ಧ್ವನಿ ಶುರುವಾಗುತ್ತದೆ. ಆಗ ಹೆಚ್ಚಿನವರು ಟ್ಯೂಬ್ ಹೋಯಿತೆಂದು ತಿಳಿದು ಹೊಸ ಸೆಟ್ ತರಿಸುತ್ತಾರೆ. ಅದಕ್ಕೆ ಮೊದಲು ಪ್ಲಗ್ ಕಿತ್ತು, ಆಂಪ್ ಪೂರ್ತಿ ತಣಿದ ಮೇಲೆ, ಜ್ಯಾಕ್‌ಗಳಿಗೂ ಟ್ಯೂಬಿನ ಕಾಲುಗಳಿಗೂ ಕಾಂಟ್ಯಾಕ್ಟ್ ಕ್ಲೀನರ್ ತಾಗಿಸಿ, ಟ್ಯೂಬನ್ನು ಎರಡು-ಮೂರು ಸಲ ತೆಗೆದು ಹಾಕಿ ನೋಡಬೇಕು. ಬಹುಪಾಲು ತೊಂದರೆ ಅಲ್ಲಿಗೇ ನಿಲ್ಲುತ್ತದೆ.

ಎಲ್ಲಕ್ಕಿಂತ ಒಳ್ಳೆಯ ಉಪಾಯವೆಂದರೆ ಆಂಪನ್ನು ಬಳಸುತ್ತಿರುವುದು. ಟ್ಯೂಬ್ ಆಂಪ್ ತನ್ನ ಬಿಸಿಯಿಂದಲೇ ತನ್ನನ್ನು ಒಣಗಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ವಾರಕ್ಕೆ ಎರಡು-ಮೂರು ದಿನ ಅರ್ಧ ಗಂಟೆಯಾದರೂ ನುಡಿಸಿದರೆ ಸಾಕು, ಮತ್ತು ಆಟಿ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ತಿಂಗಳ ಮಳೆಯ ಸದ್ದಿನಲ್ಲಿ ಗುಂಡಿಯನ್ನು ನಾಲ್ಕಕ್ಕೆ ತಿರುಗಿಸಿದರೂ ನೆರೆಯವರಿಗೆ ಅಷ್ಟಾಗಿ ಕೇಳಿಸುವುದಿಲ್ಲ ಎಂಬುದು ನನ್ನ ಅನುಭವ. ಜೂನ್‌ನಲ್ಲಿ ಮುಚ್ಚಿಟ್ಟು ಅಕ್ಟೋಬರಿನಲ್ಲಿ ತೆರೆಯುವ ಆಂಪ್‌ಗಳೇ ಕೆಡುವುದು. ಪ್ಲಾಸ್ಟಿಕ್ ಹೊದಿಕೆಯನ್ನು ಹಾಕಲೇಬಾರದು. ಅದರೊಳಗೆ ತೇವ ಸಿಕ್ಕಿಕೊಂಡು ಟೋಲೆಕ್ಸ್ (ಪೆಟ್ಟಿಗೆಗೆ ಅಂಟಿಸಿದ ವಿನೈಲ್ ಹೊದಿಕೆ) ಮೇಲೆ, ಗ್ರಿಲ್ ಬಟ್ಟೆಯ ಮೇಲೆ ಬೂಷ್ಟು ಹಿಡಿಯುತ್ತದೆ. ಹತ್ತಿಯ ಬಟ್ಟೆ ಹೊದೆಸಿ, ಹೊರಗೋಡೆಯಿಂದ ಒಂದಡಿ ದೂರದಲ್ಲಿ, ನೆಲಕ್ಕೆ ತಾಗದಂತೆ ಸಣ್ಣ ಮಣೆಯ ಮೇಲೆ ಇಡಿ. ಬೂಷ್ಟು ಕಂಡರೆ ಒಣ ಬಟ್ಟೆಯಿಂದ ಒರೆಸಿ ಬಿಸಿಲು ಬಂದಾಗ ಗಾಳಿಗೆ ಇಡಬಹುದು, ನೇರ ಬಿಸಿಲಿಗೆ ಬೇಡ, ಟೋಲೆಕ್ಸಿನ ಅಂಟು ಬಿಡುತ್ತದೆ.

ಕೊಳ್ಳುವಾಗ ಪೆಟ್ಟಿಗೆ ಯಾವುದರದ್ದೆಂದು ಕೇಳಿ. ಪ್ಲೈವುಡ್ ಅಥವಾ ಪೈನ್ ಮರವಾದರೆ ಚಿಂತೆಯಿಲ್ಲ. ಪಾರ್ಟಿಕಲ್ ಬೋರ್ಡ್ ಆದರೆ ಎರಡು ಮಳೆಗಾಲದಲ್ಲಿ ಉಬ್ಬಿ ಮೂಲೆಗಳು ಬಿಟ್ಟುಕೊಳ್ಳಬಹುದು. ನಿಜವಾದ 60ರ ದಶಕದ ಫೆಂಡರ್ ಆಂಪನ್ನು ಕೊಳ್ಳುವ ಆಸೆ ಮುಂದೆಂದಾದರೂ ಬಂದರೆ ಇನ್ನೊಂದು ಅಪಾಯವೂ ಇದೆ. ಅವುಗಳಲ್ಲಿ ಬಿಡಿಭಾಗಗಳನ್ನು ಕೂರಿಸಿರುವುದು ಕಪ್ಪು ಫೈಬರ್ ಹಲಗೆಯ ಮೇಲೆ, ಮತ್ತು ಆ ಹಲಗೆ ತೇವ ಹೀರಿಕೊಂಡಾಗ ತಾನೇ ಸ್ವಲ್ಪ ವಿದ್ಯುತ್ತನ್ನು ಹರಿಯಬಿಡುತ್ತದೆ. ಸರ್ ಎಂಬ ಹಿನ್ನೆಲೆ ಸದ್ದಾಗಲಿ, ತಾನಾಗಿ ಬದಲಾಗುವ ಧ್ವನಿಯಾಗಲಿ ಹಾಗೆ ಬರುವುದುಂಟು. ಈಗಿನ ಮರುತಯಾರಿಗಳಲ್ಲಿ ಪಿಸಿಬಿ (ಮುದ್ರಿತ ಸರ್ಕಿಟ್ ಬೋರ್ಡ್) ಇರುವುದನ್ನು ಹಳೆಯದನ್ನು ಆರಾಧಿಸುವವರು ಹಳಿಯುತ್ತಾರೆ, ಆದರೆ ಸುರತ್ಕಲ್‌ನಲ್ಲಿ ಕುಳಿತು ನೋಡಿದರೆ ಅದೊಂದು ವರವೇ.

ಹಳೇ_ರೇಡಿಯೋ:

ಮೇಲಿನವರು ಹೇಳಿದ್ದಕ್ಕೆ ಸಿಡಿಲಿನ ಮಾತೊಂದನ್ನು ಸೇರಿಸುತ್ತೇನೆ. ಏಪ್ರಿಲ್-ಮೇ ತಿಂಗಳ ಸಂಜೆಗಳಲ್ಲಿ ಮತ್ತು ಅಕ್ಟೋಬರಿನಲ್ಲಿ ಗುಡುಗು ಕೇಳಿದೊಡನೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಗೋಡೆಯಿಂದ ಕೀಳಬೇಕು. ಬಿಡಿ ವಾಲ್ವುಗಳ ವಿಷಯದಲ್ಲಿ, ಒಂದು ಜೋಡಿ ಪವರ್ ವಾಲ್ವು, ಎರಡು 12ಎಎಕ್ಸ್7, ಆಂಪಿನಲ್ಲಿ ರೆಕ್ಟಿಫೈಯರ್ ವಾಲ್ವು (ಎಸಿಯನ್ನು ಡಿಸಿ ಮಾಡುವುದು) ಇದ್ದರೆ ಅದರದ್ದೂ ಒಂದು, ಇಷ್ಟನ್ನು ಮನೆಯಲ್ಲಿಟ್ಟುಕೊಂಡರೆ ಸಾಕಾಗುತ್ತದೆ. ಗಾಜಿನ ಒಳಗೆ ಮೇಲ್ಭಾಗದಲ್ಲಿ ಬೆಳ್ಳಿಯಂತೆ ಕಾಣುವ ಲೇಪ ಬಿಳಿಯಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಆ ವಾಲ್ವು ಮುಗಿಯಿತು. ಪವರ್ ವಾಲ್ವಿನ ಒಳಗೆ ನೀಲಿ ಹೊಳಪು ಕಂಡರೆ ಹೆದರಬೇಕಾಗಿಲ್ಲ. ಆದರೆ ಅದರ ಬೂದು ಬಣ್ಣದ ಲೋಹದ ತಗಡು ಕೆಂಪಗೆ ಕಾದಂತೆ ಕಂಡರೆ ಆ ಕ್ಷಣವೇ ಆಫ್ ಮಾಡಿ, ಬಯಾಸ್ ಪರೀಕ್ಷೆಗೆ ತನ್ನಿ.